ಮನೆಬಳಕೆ ವಸ್ತುಗಳ ಡಿಸೈನರ್ ಆಗಬೇಕಾ? ಕೈಗಳನ್ನು ನೋಡುವುದರಿಂದ ಶುರು ಮಾಡಿ

ಬಟ್ಟೆ ಒಣಗಿಸುವ ಒಂದು ಕ್ಲಿಪ್ ಕೈಗೆ ತೆಗೆದುಕೊಳ್ಳಿ. ಎರಡು ಕಾಲು, ನಡುವೆ ಒಂದು ಸ್ಪ್ರಿಂಗ್. ಕಾಲಿನ ತುದಿಯಲ್ಲಿ ಬೆರಳು ಜಾರದಿರಲಿ ಎಂದು ಗೀರುಗಳಿವೆ. ಬಾಯಿಯ ಒಳಗೆ ದುಂಡನೆಯ ತಗ್ಗು ಇದೆ, ಹಗ್ಗ ಕೂರುವುದಕ್ಕೆ. ಸ್ಪ್ರಿಂಗ್ ಇನ್ನೂ ಸ್ವಲ್ಪ ಗಟ್ಟಿಯಿದ್ದರೆ ಒತ್ತುವ ಬೆರಳು ನೋಯುತ್ತಿತ್ತು. ಸ್ವಲ್ಪ ಸಡಿಲವಿದ್ದರೆ ಗಾಳಿಗೆ ಬಟ್ಟೆ ಹಾರಿಹೋಗುತ್ತಿತ್ತು. ಇಷ್ಟನ್ನೂ ಯಾರೋ ಕೂತು ಯೋಚಿಸಿದ್ದಾರೆ.

ಆ ಯಾರೋ ಒಬ್ಬರ ಹೆಸರು ಕ್ಲಿಪ್ ಮೇಲೆ ಇರುವುದಿಲ್ಲ. ಈ ಕೆಲಸಕ್ಕೆ ಬರುವ ಮುಂಚೆ ಇದನ್ನು ಒಪ್ಪಿಕೊಂಡುಬಿಡಿ. ಬಾಚಣಿಗೆ, ಬಕೆಟ್, ಜಗ್, ಸೋಪ್ ಡಬ್ಬಿ, ಟೇಬಲ್ ಲ್ಯಾಂಪ್ ಇಂಥವನ್ನೇ ಮಾಡುತ್ತೀರಿ. ಜನ ದಿನಾ ಮುಟ್ಟುತ್ತಾರೆ, ಯಾರೂ ನಿಮ್ಮನ್ನು ನೆನೆಯುವುದಿಲ್ಲ. ಬೈಯುವಾಗ ಮಾತ್ರ ‘ಯಾರಪ್ಪ ಇದನ್ನ ಮಾಡಿದ್ದು?’ ಅಂತಾರೆ.

ಅದಕ್ಕೂ ಸರಿ ಅನ್ನುವವರು ಮುಂದೆ ಓದಿ. ನಾನು ಈ ಕೆಲಸದಲ್ಲಿ ಕಲಿತದ್ದನ್ನೂ, ತಡವಾಗಿ ಕಲಿತು ಕೈ ಸುಟ್ಟುಕೊಂಡದ್ದನ್ನೂ ಒಂದೊಂದಾಗಿ ಬರೆಯುತ್ತಿದ್ದೇನೆ.

1. ಕೇಳಬೇಡಿ, ನೋಡಿ

ಡಬ್ಬಿಯ ಮುಚ್ಚಳ ತೆಗೆಯೋದು ಕಷ್ಟವಾ ಎಂದು ಯಾರನ್ನಾದರೂ ಕೇಳಿ. ‘ಏನಿಲ್ಲಪ್ಪ, ಸುಲಭ’ ಅಂತಾರೆ. ಈಗ ಅವರು ಕೆಲಸದಲ್ಲಿ ಮುಳುಗಿರುವಾಗ ಸುಮ್ನೆ ಪಕ್ಕದಲ್ಲಿ ನಿಂತುಕೊಳ್ಳಿ. ಎಡಗೈಯಲ್ಲಿ ಡಬ್ಬಿಯನ್ನು ಹೊಟ್ಟೆಗೆ ಒತ್ತಿ ಹಿಡಿಯುತ್ತಾರೆ. ಬಲಗೈ ಒದ್ದೆ, ಮುಚ್ಚಳ ಜಾರುತ್ತದೆ. ಕೈ ಒರೆಸಿಕೊಂಡು ಮತ್ತೆ ತಿರುಗಿಸುತ್ತಾರೆ. ಆಗಲೂ ಆಗದಿದ್ದರೆ ಬಟ್ಟೆಯ ತುದಿಯನ್ನೇ ಮುಚ್ಚಳಕ್ಕೆ ಸುತ್ತಿ, ಹಲ್ಲು ಕಚ್ಚಿ ಒಂದು ಸಲ ತಿರುಚುತ್ತಾರೆ. ಹತ್ತು ಸೆಕೆಂಡಿನಲ್ಲಿ ಎಲ್ಲ ಮುಗಿಯಿತು. ಈಗ ಕೇಳಿದರೂ ‘ಸುಲಭ’ ಅಂತಲೇ ಹೇಳುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಕೈ ಪಟ್ಟ ಪಾಡು ಬಾಯಿಗೆ ಗೊತ್ತಿರುವುದಿಲ್ಲ, ಅಷ್ಟೇ.

ಈ ಕೆಲಸದ ಜೀವ ಇರುವುದು ಆ ಹತ್ತು ಸೆಕೆಂಡಿನಲ್ಲಿ. ಅದನ್ನು ಹಿಡಿಯಲು ಬರದವರು ಎಷ್ಟು ಚೆಂದದ ಚಿತ್ರ ಬಿಡಿಸಿದರೂ ಪ್ರಯೋಜನ ಕಡಿಮೆ.

ಅಮೆರಿಕದ ಸ್ಯಾಮ್ ಫಾರ್ಬರ್ ಅವರ ಕತೆ ಈ ವೃತ್ತಿಯವರಿಗೆಲ್ಲ ಬಾಯಿಪಾಠ. ಅವರ ಹೆಂಡತಿ ಬೆಟ್ಸಿಗೆ ಕೈಯಲ್ಲಿ ಸಂಧಿವಾತ. ಸಿಪ್ಪೆ ತೆಗೆಯುವ ಪೀಲರಿನ ತೆಳ್ಳನೆಯ ಲೋಹದ ಹಿಡಿಯನ್ನು ಹಿಡಿಯಲು ಆಕೆ ಒದ್ದಾಡುತ್ತಿದ್ದರು. ಫಾರ್ಬರ್ ಅದನ್ನು ನೋಡಿದರು. ಸ್ಮಾರ್ಟ್ ಡಿಸೈನ್ ಎಂಬ ಸ್ಟುಡಿಯೋ ಜೊತೆ ಸೇರಿ ದಪ್ಪನೆಯ, ರಬ್ಬರಿನಂತೆ ಮೆತ್ತಗಿರುವ ಹಿಡಿ ಮಾಡಿಸಿದರು. 1990ರಲ್ಲಿ ಅದು ಆಕ್ಸೋ ಗುಡ್ ಗ್ರಿಪ್ಸ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಸಂಧಿವಾತ ಇಲ್ಲದವರೂ ಮುಗಿಬಿದ್ದು ಕೊಂಡರು. ನೋಯುವ ಕೈಗೆ ಒಗ್ಗಿದ್ದು ನೋಯದ ಕೈಗೂ ಹಿತವಾಗಿರುತ್ತದೆ ಅಲ್ವಾ?

ಅದೇ ಕಂಪನಿಯ ಅಳತೆ ಲೋಟ ಇನ್ನೂ ಒಳ್ಳೆಯ ಪಾಠ. ಹಳೆಯ ಲೋಟದಲ್ಲಿ ಜನ ನೀರು ಸುರಿಯುತ್ತಿದ್ದರು, ಬಗ್ಗಿ ಪಕ್ಕದಿಂದ ಗೆರೆ ನೋಡುತ್ತಿದ್ದರು, ಇನ್ನಷ್ಟು ಸುರಿದು ಮತ್ತೆ ಬಗ್ಗುತ್ತಿದ್ದರು. ಬಗ್ಗುವುದನ್ನು ಯಾರೂ ತೊಂದರೆ ಎಂದುಕೊಂಡಿರಲಿಲ್ಲ. ಹೊಸ ಲೋಟದ ಒಳಗೆ ಓರೆಯಾಗಿ ಒಂದು ಪಟ್ಟಿ ಕೊಟ್ಟು ಅದರ ಮೇಲೆ ಗೆರೆ ಹಾಕಿದರು. ಈಗ ನಿಂತಲ್ಲಿಂದಲೇ ಓದಬಹುದು.

ನೀವೂ ಹೀಗೆ ಮಾಡಿ. ಒಂದೇ ಒಂದು ಕೆಲಸ ಆರಿಸಿ. ಬಟ್ಟೆ ಒಣಹಾಕುವುದು, ಬಾಟಲಿಗೆ ನೀರು ತುಂಬುವುದು, ಬಲ್ಬ್ ಬದಲಾಯಿಸುವುದು, ಯಾವುದಾದರೂ ಸರಿ. ಐದಾರು ಜನ ಅದನ್ನು ಮಾಡುವುದನ್ನು ನೋಡಿ. ಅವರಲ್ಲಿ ಒಬ್ಬರು ವಯಸ್ಸಾದವರು, ಒಬ್ಬರು ಎಡಚರು ಇರಲಿ. ಅವರನ್ನು ಕೇಳಿಕೊಂಡು, ಕೈ ಮಾತ್ರ ಕಾಣುವಂತೆ ಫೋನಿನಲ್ಲಿ ವಿಡಿಯೋ ಮಾಡಿ, ಆಮೇಲೆ ನಿಧಾನವಾಗಿ ಓಡಿಸಿ ನೋಡಿ. ಕೈ ಎಲ್ಲಿ ತಡವರಿಸಿತು, ಎಲ್ಲಿ ಹಿಡಿತ ಬದಲಾಯಿಸಿತು ಎಂದು ಬರೆದುಕೊಳ್ಳಿ. ಮುಖ್ಯವಾಗಿ, ಎಲ್ಲಿ ಇನ್ನೊಂದು ಸಾಮಾನಿನ ಸಹಾಯ ಬೇಕಾಯಿತು ನೋಡಿ. ಚಮಚದ ಹಿಂಬದಿಯಿಂದ ಮುಚ್ಚಳ ಮೀಟುವುದು, ಮೇಜಿನ ಕಾಲಿನ ಕೆಳಗೆ ಮಡಚಿದ ಕಾಗದ ಇಡುವುದು, ಮುರಿದ ಹಿಡಿಗೆ ದಾರ ಸುತ್ತುವುದು ಇಂಥವು. ಜನ ತಮಗೆ ತಾವೇ ಮಾಡಿಕೊಂಡ ರಿಪೇರಿ ಅದು. ಮುಂದಿನ ಕೆಲಸ ನಿಮಗೆ ಅಲ್ಲೇ ಸಿಗುತ್ತದೆ.

2. ಬಿಚ್ಚಿ, ತೂಗಿ, ಅಳೆಯಿರಿ

ದಪ್ಪ, ಅಗಲ ನಿಖರವಾಗಿ ಅಳೆಯುವ ಒಂದು ವರ್ನಿಯರ್ ಕ್ಯಾಲಿಪರ್, ಒಂದು ಪುಟ್ಟ ತೂಕದ ಯಂತ್ರ, ಸ್ಕ್ರೂಡ್ರೈವರ್ ಸೆಟ್, ಸಣ್ಣ ಹಲ್ಲಿನ ಗರಗಸ ಕೊಳ್ಳಿ. ದುಬಾರಿ ಕಂಪ್ಯೂಟರ್ ಆಮೇಲೆ. ಹಾಳಾದ ಸಾಮಾನನ್ನು ಎಸೆಯಬೇಡಿ, ಕೊಯ್ದು ನೋಡಿ.

ಒಂದು ಪ್ಲಾಸ್ಟಿಕ್ ಡಬ್ಬಿಯನ್ನೇ ತೆಗೆದುಕೊಳ್ಳಿ. ಅಂಚಿನ ಸುತ್ತ ಕೂದಲಿನಷ್ಟು ತೆಳುವಾದ ಗೆರೆ ಕಾಣುತ್ತದೆ. ಅಚ್ಚಿನ ಎರಡು ಭಾಗ ಸೇರಿದ ಜಾಗ ಅದು. ತಳದ ನಡುವೆ ಒಂದು ಚಿಕ್ಕ ಮೊಳಕೆ ಇರುತ್ತದೆ. ಕರಗಿದ ಪ್ಲಾಸ್ಟಿಕ್ ಒಳಗೆ ಬಂದದ್ದು ಅಲ್ಲಿಂದ. ಒಳಗಡೆ ದುಂಡನೆಯ ಗುರುತುಗಳಿದ್ದರೆ ಅವು ಡಬ್ಬಿಯನ್ನು ಅಚ್ಚಿನಿಂದ ಹೊರಗೆ ತಳ್ಳಿದ ಪಿನ್ನುಗಳದ್ದು. ತ್ರಿಕೋನದ ಒಳಗಿನ ಅಂಕಿ ಪ್ಲಾಸ್ಟಿಕ್ಕಿನ ಬಗೆ ಹೇಳುತ್ತದೆ: 5 ಎಂದಿದ್ದರೆ ಪಾಲಿಪ್ರೊಪಿಲೀನ್, 2 ಇದ್ದರೆ ಎಚ್‌ಡಿಪಿಇ, 6 ಇದ್ದರೆ ಪಾಲಿಸ್ಟೈರೀನ್. ಕೆಲವು ಸಾಮಾನಿನ ತಳದಲ್ಲಿ ಪುಟ್ಟ ಗಡಿಯಾರದಂಥ ಗುರುತು ಇರುತ್ತದೆ. ಸುತ್ತ 1ರಿಂದ 12, ನಡುವೆ ಬಾಣ. ಬಾಣ ತೋರಿಸುವುದು ತಯಾರಾದ ತಿಂಗಳನ್ನು, ಮಧ್ಯದ ಅಂಕಿ ವರ್ಷವನ್ನು. ಇದು ಗೊತ್ತಾದ ಮೇಲೆ ನನಗೆ ಎಲ್ಲಿ ಹೋದರೂ ಸಾಮಾನು ತಲೆಕೆಳಗು ಮಾಡಿ ನೋಡುವ ಚಟ ಹತ್ತಿತು. ನೆಂಟರು ಮೊದಮೊದಲು ವಿಚಿತ್ರವಾಗಿ ನೋಡುತ್ತಿದ್ದರು.

ವಾರಕ್ಕೆ ಒಂದು ಸಾಮಾನು ಸಾಕು. ಒಂದು ಪುಟದಲ್ಲಿ ಅದರ ಚಿತ್ರ, ಅಳತೆ, ತೂಕ, ಎಷ್ಟು ಭಾಗ, ಪ್ರತಿ ಭಾಗ ಹೇಗೆ ತಯಾರಾಗಿರಬಹುದು ಎಂಬ ಊಹೆ ಬರೆಯಿರಿ. ಊಹೆ ತಪ್ಪಾದರೂ ಪರವಾಗಿಲ್ಲ.

3. ಡಿಗ್ರಿ ಬೇಕಾ?

ದೊಡ್ಡ ಕಂಪನಿಯಲ್ಲಿ ಕೆಲಸ ಬೇಕು ಎಂದಾದರೆ ಇಂಡಸ್ಟ್ರಿಯಲ್ ಡಿಸೈನ್ ಅಥವಾ ಪ್ರಾಡಕ್ಟ್ ಡಿಸೈನ್ ಪದವಿ ಒಳ್ಳೆಯದು. ಸಾಮಾನ್ಯವಾಗಿ ಮೂರು ನಾಲ್ಕು ವರ್ಷದ ಓದು. ಕಾಲೇಜು ಆರಿಸುವಾಗ ಹೊಸ ಕಟ್ಟಡ ನೋಡಬೇಡಿ, ವರ್ಕ್‌ಶಾಪ್ ನೋಡಿ. ಸಂಜೆ ಮೇಲೂ ಬಾಗಿಲು ತೆರೆದಿರುತ್ತದಾ? ಯಂತ್ರಗಳ ಮೇಲೆ ಧೂಳು ಇದೆಯಾ, ಮರದ ಪುಡಿ ಇದೆಯಾ? ಮರದ ಪುಡಿ ಇದ್ದರೆ ಸೇರಿಕೊಳ್ಳಿ.

ಆದರೆ ಈ ವೃತ್ತಿಯ ಹಿರಿಯರು ಎಲ್ಲೆಲ್ಲಿಂದಲೋ ಬಂದವರು. ರೇಡಿಯೋ, ಮನೆಬಳಕೆ ಯಂತ್ರ ಮಾಡುವ ಜರ್ಮನಿಯ ಬ್ರೌನ್ ಕಂಪನಿಯ ಡೀಟರ್ ರಾಮ್ಸ್ ಬಡಗಿ ಕೆಲಸ ಕಲಿತು, ವಾಸ್ತುಶಿಲ್ಪ ಓದಿ, 1955ರಲ್ಲಿ ಅಲ್ಲಿಗೆ ಸೇರಿದ್ದು ಒಳಾಂಗಣ ಮಾಡುವುದಕ್ಕೆ. ಮನೆಯೊಳಗಿನ ಬಿಸಿ ಹೊಂದಿಸಲು ಗೋಡೆಯ ಮೇಲೆ ಕೂರುವ ದುಂಡನೆಯ ಥರ್ಮೋಸ್ಟಾಟ್ ಮಾಡಿದ ಹೆನ್ರಿ ಡ್ರೈಫಸ್ ನಾಟಕಗಳಿಗೆ ರಂಗಸಜ್ಜಿಕೆ ಮಾಡುತ್ತಿದ್ದವರು. 1953ರಲ್ಲಿ ಬಂದ ಆ ಥರ್ಮೋಸ್ಟಾಟ್‌ನ ಒಂದು ಜಾಣತನ ನೋಡಿ. ಚೌಕದ್ದನ್ನು ಗೋಡೆಗೆ ಸ್ವಲ್ಪ ಸೊಟ್ಟಗೆ ಹೊಡೆದರೂ ಕಣ್ಣಿಗೆ ಹೊಡೆಯುತ್ತದೆ. ದುಂಡಗಿದ್ದರೆ ಸೊಟ್ಟ ಎಲ್ಲಿಂದ ಬರಬೇಕು? ಜಪಾನಿನ ಕೆಂಜಿ ಎಕುವಾನ್ ಅಂತೂ ಬೌದ್ಧ ಸನ್ಯಾಸಿಯಾಗಲು ಹೊರಟು ಆಮೇಲೆ ಡಿಸೈನಿಗೆ ಬಂದವರು.

ಪದವಿ ಇಲ್ಲದೆ ಬರುವವರಿಗೆ ನನ್ನ ಸಲಹೆ ಒಂದೇ. ಅಚ್ಚು ಮಾಡುವ ಟೂಲ್ ರೂಮಿನಲ್ಲೋ, ಬಡಗಿಯ ಬಳಿಯೋ, ಕುಂಬಾರಿಕೆ ಮಾಡುವವರ ಬಳಿಯೋ ಒಂದು ವರ್ಷ ಕೈ ಕೆಸರು ಮಾಡಿಕೊಳ್ಳಿ. ಆನ್‌ಲೈನ್ ಕೋರ್ಸಿಗಿಂತ ಜಾಸ್ತಿ ಕಲಿಯುತ್ತೀರಿ.

4. ರಟ್ಟು ಮೊದಲು, ಕಂಪ್ಯೂಟರ್ ಆಮೇಲೆ

ಪರದೆಯ ಮೇಲೆ ಜಗ್ ಯಾವಾಗಲೂ ಚೆನ್ನಾಗಿಯೇ ಕಾಣುತ್ತದೆ. ಹತ್ತು ಸೆಂಟಿಮೀಟರಿನದೋ ಮೂವತ್ತರದೋ ಎಂಬುದೇ ತಿಳಿಯುವುದಿಲ್ಲ. ಭಾರವಂತೂ ಇಲ್ಲವೇ ಇಲ್ಲ. ಹಾಗಾಗಿ ಮೊದಲ ಮಾದರಿ ರಟ್ಟಿನಲ್ಲಿ, ಫೋಮಿನಲ್ಲಿ ಅಥವಾ ಜೇಡಿಮಣ್ಣಿನಲ್ಲಿ ಆಗಲಿ. ಕೊಳಕಾಗಿದ್ದರೂ ಸರಿ, ನಿಜವಾದ ಅಳತೆಯಲ್ಲಿರಬೇಕು.

ಜಗ್ಗಿನ ಹಿಡಿಯನ್ನೇ ನೋಡೋಣ. ಫೋಮಿನಲ್ಲಿ ನಾಲ್ಕು ಹಿಡಿ ಕೆತ್ತಿ. ಒಂದು 25 ಮಿಲಿಮೀಟರ್ ದಪ್ಪ, ಇನ್ನೊಂದು 30, ಆಮೇಲೆ 35, 40. ಹಳೆಯ ಡಬ್ಬಿಗೆ ಒಂದೊಂದಾಗಿ ಬಿಗಿಯಾಗಿ ಕಟ್ಟಿ, ಒಂದು ಲೀಟರ್ ನೀರು ತುಂಬಿ. ಅಂದರೆ ಒಂದು ಕಿಲೋ ಭಾರ. ಈಗ ಸುರಿಯಿರಿ. ಬೆರಳು ಡಬ್ಬಿಗೆ ತಾಗುತ್ತದಾ? ಹಿಡಿ ಡಬ್ಬಿಯಿಂದ ದೂರ ಹೋದಷ್ಟೂ ಬೆರಳಿಗೆ ಜಾಗ ಸಿಗುತ್ತದೆ, ಆದರೆ ಭಾರ ಕೈಯಿಂದ ದೂರವಾಗಿ ಮಣಿಕಟ್ಟು ತಿರುಚುತ್ತದೆ. ಈ ಎರಡರ ನಡುವೆ ಎಲ್ಲೋ ಒಂದು ಕಡೆ ‘ಹಾ, ಇದು’ ಅನ್ನಿಸುತ್ತದೆ. ಆ ಜಾಗ ಯಾವ ಸಾಫ್ಟ್‌ವೇರಿನಲ್ಲೂ ಸಿಗುವುದಿಲ್ಲ. ನಿಮ್ಮ ಕೈಗೆ ಸಿಕ್ಕರೂ ಸಾಲದು. ಚಿಕ್ಕ ಕೈಯವರಿಗೂ ದೊಡ್ಡ ಕೈಯವರಿಗೂ ಕೊಟ್ಟು ನೋಡಿ.

ಸುರಿಯುವ ಮೂತಿ ಇನ್ನೊಂದು ತಲೆನೋವು. ಅಂಚು ದುಂಡಗಿದ್ದರೆ ನೀರು ಅದಕ್ಕೆ ಅಂಟಿಕೊಂಡು ಜಗ್ಗಿನ ಹೊಟ್ಟೆಯ ಮೇಲೆ ಇಳಿಯುತ್ತದೆ. ಅಂಚು ಚೂಪಾಗಿದ್ದರೆ ಕತ್ತರಿಸಿದ ಹಾಗೆ ನಿಲ್ಲುತ್ತದೆ. ಜೋರಾಗಿ ಸುರಿದಾಗ ಎಲ್ಲ ಮೂತಿಯೂ ಒಳ್ಳೆಯದೇ. ನಿಧಾನವಾಗಿ, ಸ್ವಲ್ಪವೇ ಸುರಿದು ನಿಲ್ಲಿಸಿದಾಗ ಬಣ್ಣ ಬಯಲಾಗುತ್ತದೆ. ಎಕುವಾನ್ 1961ರಲ್ಲಿ ಕಿಕ್ಕೋಮಾನ್ ಕಂಪನಿಗಾಗಿ ಮಾಡಿದ ಸೋಯಾ ಸಾಸ್ ಬಾಟಲಿ ತೊಟ್ಟಿಕ್ಕುವುದಿಲ್ಲ ಎಂದೇ ಹೆಸರಾಯಿತು. ಅದಕ್ಕೆ ಅವರಿಗೆ ಸುಮಾರು ಮೂರು ವರ್ಷ, ನೂರರಷ್ಟು ಮಾದರಿ ಬೇಕಾದವು. ಜೇಮ್ಸ್ ಡೈಸನ್ ಚೀಲವಿಲ್ಲದ ವ್ಯಾಕ್ಯೂಮ್ ಕ್ಲೀನರ್‌ಗೆ ಮಾಡಿದ ಮಾದರಿಗಳು 5,127. ನಿಮ್ಮ ಆರನೇ ಮಾದರಿ ಕೈಕೊಟ್ಟಾಗ ಇದನ್ನು ನೆನೆಸಿಕೊಳ್ಳಿ.

ಮಾದರಿ ಬರೀ ಆಕಾರಕ್ಕಲ್ಲ. ಬ್ರೌನ್ ಕಂಪನಿಯ 1956ರ ಎಸ್‌ಕೆ 4 ರೇಡಿಯೋ-ರೆಕಾರ್ಡ್ ಪ್ಲೇಯರ್‌ಗೆ ಮೊದಲು ಯೋಚಿಸಿದ್ದು ಲೋಹದ ಮುಚ್ಚಳ. ಸದ್ದು ಜೋರಾದರೆ ಅದು ಅದುರುತ್ತಿತ್ತು. ಹಾಗಾಗಿ ರಾಮ್ಸ್ ಪಾರದರ್ಶಕ ಅಕ್ರಿಲಿಕ್ ಮುಚ್ಚಳಕ್ಕೆ ಹೋದರು. ನಂತರ ರೆಕಾರ್ಡ್ ಪ್ಲೇಯರ್ ಎಂದರೆ ಗಾಜಿನಂಥ ಮುಚ್ಚಳ ಎಂಬುದೇ ರೂಢಿಯಾಯಿತು. ಅದುರುವ ಸದ್ದು ಚಿತ್ರದಲ್ಲಿ ಕೇಳಿಸುತ್ತದಾ?

ಇಷ್ಟಾದ ಮೇಲೆ ಸಾಲಿಡ್‌ವರ್ಕ್ಸ್, ರೈನೋ, ಫ್ಯೂಷನ್ ಎಂಬ ತ್ರೀಡಿ ಡಿಸೈನ್ ಸಾಫ್ಟ್‌ವೇರ್‌ಗಳಲ್ಲಿ ಒಂದನ್ನು ಚೆನ್ನಾಗಿ ಕಲಿಯಿರಿ. ಒಂದು ಬಂದರೆ ಇನ್ನೊಂದು ಕಲಿಯಲು ಹೆಚ್ಚು ದಿನ ಬೇಕಿಲ್ಲ. ತ್ರೀಡಿ ಪ್ರಿಂಟರ್ ಒಳ್ಳೆಯ ಗೆಳೆಯ, ಆದರೆ ಪೂರ್ತಿ ನಂಬಬೇಡಿ. ಅಚ್ಚಿನಲ್ಲಿ ಮಾಡಲಾಗದ ಆಕಾರವನ್ನೂ ಅದು ಏನೂ ಹೇಳದೆ ಮಾಡಿಕೊಟ್ಟುಬಿಡುತ್ತದೆ.

5. ಅಚ್ಚಿನ ಭಾಷೆ ಕಲಿಯಿರಿ

ಹೊಸಬರು ಜಾಸ್ತಿ ಎಡವುವುದು ಇಲ್ಲೇ. ನಾನೂ ಎಡವಿದೆ.

ಪ್ಲಾಸ್ಟಿಕ್ ಸಾಮಾನಿನ ಬಗ್ಗೆ ಮೊದಲು ಕಲಿಯಬೇಕಾದ್ದು ಗೋಡೆಯ ದಪ್ಪ. ಮನೆಬಳಕೆಯ ಹೆಚ್ಚಿನ ಸಾಮಾನಿಗೆ ಒಂದರಿಂದ ಮೂರು ಮಿಲಿಮೀಟರ್. ದಪ್ಪ ಎಲ್ಲ ಕಡೆ ಒಂದೇ ಇರಬೇಕು. ಒಂದು ಕಡೆ ದಪ್ಪವಾದರೆ ಅಲ್ಲಿ ನಿಧಾನವಾಗಿ ತಣ್ಣಗಾಗಿ ಹೊರಮೈಯಲ್ಲಿ ಗುಳಿ ಬೀಳುತ್ತದೆ. ಗಟ್ಟಿ ಬೇಕೆಂದರೆ ಗೋಡೆ ದಪ್ಪ ಮಾಡಬೇಡಿ, ಒಳಗೆ ರಿಬ್, ಅಂದರೆ ಆಸರೆಗೆ ಎದ್ದು ನಿಲ್ಲುವ ತೆಳು ಪಟ್ಟಿ, ಕೊಡಿ. ರಿಬ್ ಗೋಡೆಯ ದಪ್ಪದ ಅರ್ಧದಷ್ಟಿರಲಿ. ಅದಕ್ಕಿಂತ ಬಹಳ ದಪ್ಪವಾದರೆ ಮತ್ತೆ ಅದೇ ಗುಳಿ.

ಎರಡನೆಯದು ಡ್ರಾಫ್ಟ್. ನೇರ ಗೋಡೆಯ ಬಕೆಟ್ ಅಚ್ಚಿನಿಂದ ಹೊರಗೆ ಬರುವುದಿಲ್ಲ, ಕಚ್ಚಿಕೊಳ್ಳುತ್ತದೆ. ಒಂದೆರಡು ಡಿಗ್ರಿ ಓರೆ ಬೇಕು. ಮೈಮೇಲೆ ಒರಟು ಟೆಕ್ಸ್‌ಚರ್ ಇದ್ದರೆ ಇನ್ನೂ ಜಾಸ್ತಿ. ಬಕೆಟ್‌ಗಳೆಲ್ಲ ಮೇಲೆ ಅಗಲ, ಕೆಳಗೆ ಕಿರಿದು ಇರುವುದಕ್ಕೆ ಇದೂ ಒಂದು ಕಾರಣ. ಒಂದರೊಳಗೊಂದು ಕೂರಿಸಿ ಸಾಗಿಸಲು ಸುಲಭ ಎಂಬುದು ಇನ್ನೊಂದು.

ಪಾಲಿಪ್ರೊಪಿಲೀನ್‌ಗೆ ಒಂದು ಅಪರೂಪದ ಗುಣ ಇದೆ. ಅರ್ಧ ಮಿಲಿಮೀಟರಿಗಿಂತ ತೆಳುವಾಗಿ ಒಂದು ಗೆರೆ ಕೊಟ್ಟರೆ ಅದೇ ಕೀಲಾಗುತ್ತದೆ. ಸಾವಿರ ಸಲ ಮಡಚಿದರೂ ಮುರಿಯುವುದಿಲ್ಲ. ಶಾಂಪೂ ಬಾಟಲಿಯ ಟಕ್ ಎನ್ನುವ ಮುಚ್ಚಳ ನೋಡಿ. ಬೇರೆ ಹೆಚ್ಚಿನ ಪ್ಲಾಸ್ಟಿಕ್‌ಗಳಲ್ಲಿ ಈ ಸಾಹಸ ಬೇಡ.

ಮತ್ತೆ ಕುಗ್ಗುವಿಕೆ. ನನ್ನ ಕತೆ ಇರುವುದು ಇಲ್ಲಿ. ಪಾಲಿಪ್ರೊಪಿಲೀನ್ ತಣ್ಣಗಾಗುವಾಗ ಸುಮಾರು ಒಂದರಿಂದ ಎರಡೂವರೆ ಶೇಕಡಾ ಕುಗ್ಗುತ್ತದೆ. ಅದನ್ನು ಲೆಕ್ಕ ಹಾಕಿಯೇ ಅಚ್ಚು ಮಾಡುತ್ತಾರೆ. ನಾನು ಮಾಡಿದ ಮೊದಲ ಜಗ್ ಬಿಳಿ, ಹೊರಗಿನಿಂದ ಒತ್ತಿ ಕೂರುವ ಮುಚ್ಚಳ ನೀಲಿ. ಅಚ್ಚಿನ ಟ್ರಯಲ್ ದಿನ ಬಣ್ಣದ ಪುಡಿ ಬಂದಿರಲಿಲ್ಲ. ‘ಬಿಳಿಯಲ್ಲೇ ಹಾಕಿ ನೋಡೋಣ’ ಅಂದರು ಕಾರ್ಖಾನೆಯವರು. ನಾನೂ ಹೂಂ ಅಂದೆ. ಮುಚ್ಚಳ ಟಕ್ ಎಂದು ಕೂತಿತು, ಟಕ್ ಎಂದು ಬಂತು. ಸಹಿ ಹಾಕಿದೆ. ನೀಲಿ ಮುಚ್ಚಳ ಬಂದಾಗ ಎರಡೂ ಹೆಬ್ಬೆರಳು ಹಾಕಿ ತಳ್ಳಿದರೂ ಮೇಲೆ ಏಳಲಿಲ್ಲ. ಕೆಲವು ನೀಲಿ, ಹಸಿರು ಬಣ್ಣಗಳು ಪಾಲಿಪ್ರೊಪಿಲೀನ್ ಗಟ್ಟಿಯಾಗುವ ರೀತಿಯನ್ನೇ ಬದಲಾಯಿಸುತ್ತವೆ, ಹಾಗಾಗಿ ಜಾಸ್ತಿ ಕುಗ್ಗುತ್ತದೆ ಎಂಬುದು ನನಗೆ ಆಮೇಲೆ ತಿಳಿಯಿತು. ನಾವು ಗಮನಿಸುವಷ್ಟರಲ್ಲಿ ಮೊದಲ ಲಾಟ್ ಅಂಗಡಿಗಳಿಗೆ ಹೋಗಿತ್ತು. ತಪ್ಪು ಕಾರ್ಖಾನೆಯದ್ದಲ್ಲ. ಸಹಿ ನನ್ನದು.

ಅಂದು ಅಚ್ಚು ಮಾಡುವ ಹಿರಿಯರೊಬ್ಬರು ಒಂದು ಮಾತು ಹೇಳಿದರು: ‘ಉಕ್ಕನ್ನು ಕೆತ್ತೋದು ಸುಲಭ, ಸೇರಿಸೋದು ಕಷ್ಟ.’ ಅಂದರೆ ಸಂಶಯ ಇರುವ ಕಡೆ ಅಚ್ಚಿನಲ್ಲಿ ಲೋಹ ಸ್ವಲ್ಪ ಉಳಿಸಿಕೊಳ್ಳಿ. ಟ್ರಯಲ್ ಆದ ಮೇಲೆ ಬೇಕಾದಷ್ಟು ಕೆತ್ತಬಹುದು. ಮೊದಲೇ ಕೆತ್ತಿಬಿಟ್ಟರೆ ವೆಲ್ಡಿಂಗ್ ಮಾಡಿ ತುಂಬಿಸಬೇಕು. ನನ್ನ ಮುಚ್ಚಳದ ವಿಷಯದಲ್ಲಿ ಬೇಕಾಗಿದ್ದದ್ದು ಸೇರಿಸುವುದೇ. ಅಂದಿನಿಂದ ಕೊನೆಯ ಬಣ್ಣ, ಕೊನೆಯ ಪ್ಲಾಸ್ಟಿಕ್ ಇಲ್ಲದ ಟ್ರಯಲಿಗೆ ನಾನು ಸಹಿ ಹಾಕುವುದಿಲ್ಲ.

6. ಪೋರ್ಟ್‌ಫೋಲಿಯೋ

ನಿಮ್ಮ ಕೆಲಸಗಳನ್ನು ತೋರಿಸುವ ಈ ಕಡತದಲ್ಲಿ ಮೂರು ನಾಲ್ಕು ಕೆಲಸ ಸಾಕು. ಹೊಳೆಯುವ ಕಂಪ್ಯೂಟರ್ ಚಿತ್ರಗಳನ್ನು ಎಲ್ಲರೂ ತರುತ್ತಾರೆ, ನೋಡುವವರಿಗೆ ಬೇಸರ ಬಂದಿರುತ್ತದೆ. ನಾನು ಬೇರೆಯವರ ಪೋರ್ಟ್‌ಫೋಲಿಯೋ ನೋಡುವಾಗ ಹುಡುಕುವುದು ಸೋತ ಮಾದರಿಯ ಫೋಟೋ. ಅದು ಯಾಕೆ ಸೋತಿತು, ಆಮೇಲೆ ಏನು ಬದಲಾಯಿಸಿದಿರಿ ಎಂದು ಎರಡು ಸಾಲು ಬರೆದಿದ್ದರೆ ಸಾಕು. ಕೈಗಳ ಫೋಟೋ ಇರಲಿ. ಒಂದು ಕೆಲಸವಾದರೂ ತೀರಾ ಸಾಧಾರಣ ವಸ್ತುವಿನದ್ದಾಗಿರಲಿ, ಮೊಳೆಯಂಥದ್ದು, ಹುಕ್ಕಿನಂಥದ್ದು. ಹಾರುವ ಕಾರಿನ ಚಿತ್ರ ತಂದರೆ ನಾನು ಪುಟ ತಿರುಗಿಸುತ್ತೇನೆ.

ತಂಡದಲ್ಲಿ ಮಾಡಿದ ಕೆಲಸವಾದರೆ ನಿಮ್ಮ ಪಾಲು ಯಾವುದು ಎಂದು ಸ್ಪಷ್ಟವಾಗಿ ಬರೆಯಿರಿ. ಈ ಲೋಕ ಚಿಕ್ಕದು, ಸುಳ್ಳು ಬೇಗ ಸಿಕ್ಕಿಬೀಳುತ್ತದೆ.

7. ಎಲ್ಲಿ ಕೆಲಸ, ಎಂಥ ದುಡ್ಡು

ಕಂಪನಿಯ ಒಳಗೆ ಕೆಲಸ ಮಾಡಿದರೆ ಒಂದೇ ಬಗೆಯ ಸಾಮಾನನ್ನು ವರ್ಷಗಟ್ಟಲೆ ಆಳವಾಗಿ ಕಲಿಯುತ್ತೀರಿ. ಸಂಬಳ ತಿಂಗಳಿಗೆ ಸರಿಯಾಗಿ ಬರುತ್ತದೆ. ಸ್ಟುಡಿಯೋ ಸೇರಿದರೆ ಇಂದು ಲ್ಯಾಂಪ್, ನಾಳೆ ಟೂತ್‌ಬ್ರಷ್. ಬೇಗ ಕಲಿಯುತ್ತೀರಿ, ಬೇಗ ಸುಸ್ತಾಗುತ್ತೀರಿ. ಸ್ವಂತ ಕೆಲಸ ಕಡೆಗೆ ಇರಲಿ. ಮೊದಲ ಮೂರು ವರ್ಷ ಕಾರ್ಖಾನೆಗೆ ಹತ್ತಿರವಿರುವ ಯಾವ ಕೆಲಸ ಸಿಕ್ಕರೂ ಹಿಡಿದುಕೊಳ್ಳಿ.

ಸ್ವಂತವಾಗಿ ಮಾಡುವವರಿಗೆ ದುಡ್ಡು ಎರಡು ದಾರಿಯಲ್ಲಿ ಬರುತ್ತದೆ. ಒಂದು ಫೀಸ್. ಅದನ್ನು ಹಂತ ಹಂತವಾಗಿ ಕೇಳಿ: ಮೊದಲ ಐಡಿಯಾಗೆ ಇಷ್ಟು, ಮಾದರಿಗೆ ಇಷ್ಟು, ಅಚ್ಚಿನ ಫೈಲಿಗೆ ಇಷ್ಟು. ಎಲ್ಲ ಕೊನೆಗೆ ಎಂದು ಒಪ್ಪಿಕೊಂಡರೆ ಕೊನೆ ಬರುವುದೇ ಇಲ್ಲ. ಇನ್ನೊಂದು ರಾಯಲ್ಟಿ. ಮಾರಾಟವಾದ ಪ್ರತಿ ತುಂಡಿಗೂ ಒಂದು ಪಾಲು, ಸಾಮಾನ್ಯವಾಗಿ ಒಂದಂಕಿಯ ಶೇಕಡಾವಾರು. ಎಷ್ಟು ಶೇಕಡಾ ಎಂದು ಎಲ್ಲರೂ ಕೇಳುತ್ತಾರೆ. ಯಾವ ಬೆಲೆಯ ಮೇಲೆ ಎಂದು ಕೇಳುವವರು ಕಡಿಮೆ. ಕಾರ್ಖಾನೆ ಬಿಡುವ ಬೆಲೆಯೋ, ಅಂಗಡಿಯ ಬೆಲೆಯೋ? ಎರಡಕ್ಕೂ ಬಹಳ ವ್ಯತ್ಯಾಸ. ಕಾಗದದ ಮೇಲೆ ಬರೆಸಿಕೊಳ್ಳಿ.

ಡಿಸೈನ್ ನೋಂದಣಿಯನ್ನು ಯಾರಿಗೂ ತೋರಿಸುವ ಮೊದಲೇ ಮಾಡಿ. ಫೋಟೋ ಹಾಕಿ ಲೈಕ್ ಎಣಿಸುತ್ತಾ ಕೂತರೆ ಕೆಲವು ದೇಶಗಳಲ್ಲಿ ಹಕ್ಕೇ ಹೋಗುತ್ತದೆ. ಕೆಲವು ಕಡೆ ತೋರಿಸಿದ ಮೇಲೂ ನೋಂದಣಿಗೆ 12 ತಿಂಗಳ ರಿಯಾಯಿತಿ ಇದೆ, ಎಲ್ಲ ಕಡೆ ಇಲ್ಲ. ಡಿಸೈನ್ ನೋಂದಣಿ ಕಾಪಾಡುವುದು ಹೊರನೋಟವನ್ನು. ಒಳಗಿನ ಹೊಸ ಯುಕ್ತಿಗೆ ಪೇಟೆಂಟ್ ಬೇರೆ ಬೇಕು. ಹಲವು ದೇಶಗಳಿಗೆ ಒಂದೇ ಅರ್ಜಿ ಹಾಕಲು ಹೇಗ್ ವ್ಯವಸ್ಥೆ ಇದೆ. ಜಿನೀವಾದ ವೈಪೋ, ಅಂದರೆ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ, ಅದನ್ನು ನಡೆಸುತ್ತದೆ.

8. ಮಾರಾಟಕ್ಕೆ ಬಂದ ಮೇಲೆ

ಹೆಚ್ಚಿನವರು ಇಲ್ಲಿಗೆ ಕೆಲಸ ಮುಗಿಯಿತು ಎಂದುಕೊಂಡು ಮುಂದಿನದಕ್ಕೆ ಹೋಗುತ್ತಾರೆ. ನೀವು ಅಂಗಡಿಗೆ ಹೋಗಿ ಒಂದನ್ನು ದುಡ್ಡು ಕೊಟ್ಟು ತನ್ನಿ. ಕಂಪನಿ ಕಳಿಸಿದ ಆರಿಸಿದ ಪೀಸ್ ಬೇಡ. ದಿನಾ ಬಳಸಿ. ಆರು ತಿಂಗಳ ನಂತರ ಅದನ್ನು ಕೊಂಡ ನಾಲ್ಕಾರು ಮನೆಗೆ ಹೋಗಿ ನೋಡಿ. ಎಲ್ಲಿ ಸವೆದಿದೆ, ಎಲ್ಲಿ ಕೊಳೆ ಕೂತಿದೆ, ಯಾವ ಭಾಗ ಕಾಣೆಯಾಗಿದೆ ಎಂದು ಬರೆದುಕೊಳ್ಳಿ. ನೀವೇ ಡಿಸೈನರ್ ಎಂದು ಹೇಳಬೇಡಿ. ಹೇಳಿದರೆ ಎಲ್ಲರೂ ಹೊಗಳುತ್ತಾರೆ.

ನನ್ನ ಆ ಮೊದಲ ಲಾಟಿನ ಜಗ್ ಒಂದನ್ನು ಎಷ್ಟೋ ವರ್ಷದ ನಂತರ ಪರಿಚಯದವರ ಮನೆಯಲ್ಲಿ ಕಂಡೆ. ಹಿಡಿ ಗಟ್ಟಿಯಾಗಿಯೇ ಇತ್ತು. ಮುಚ್ಚಳ ಇರಲಿಲ್ಲ. ಅದರ ಬದಲು ಒಂದು ತಟ್ಟೆ ಮುಚ್ಚಿದ್ದರು. ‘ಮುಚ್ಚಳ ಎಲ್ಲಿ ಅಕ್ಕಾ?’ ಎಂದು ಕೇಳಿದೆ.

‘ಅಯ್ಯೋ, ಅದು ಒಂದು ಸಲ ಹಾಕಿದರೆ ಬರ್ತಾನೇ ಇರಲಿಲ್ಲ. ಎಲ್ಲೋ ಎತ್ತಿಟ್ಟಿದೀನಿ. ಯಾಕೆ, ಬೇಕಿತ್ತಾ?’